ಕೆನೆ ಬಣ್ಣದ ಷಡ್ಜ

ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಒಂದು ದೂರು. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಗದಗಿಗೆ ಬಂದು, ಒಂದು ಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದು ಇನ್ನೂ ವಾರವಾಗಿರಲಿಲ್ಲ. ಬೆಳಿಗ್ಗೆ ಸೈಕಲ್ಲನ್ನು ಹೊರಗೆ ತೆಗೆಯುತ್ತಿದ್ದಾಗ ಎದುರು ಮನೆಯ ಕಟ್ಟೆಯ ಮೇಲೆ ನಿಂತಿದ್ದ ಹೆಂಗಸು ಕೈಮಾಡಿ ಕರೆದರು. ವಯಸ್ಸು ಐವತ್ತರ ಹತ್ತಿರ. ಗಂಟು ಹಾಕಿದ ಕೂದಲು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಚೀಲ.

"ನೀವು ಪೇಪರಿನವ್ರಲ್ರೀ?"

ಹೌದೆಂದೆ.

"ನಿಮ್ಮ ಸೈಕಲ್ ಗಂಟಿ ತಪಕೀರಿನ ಬಣ್ಣದ್ದೈತ್ರಿ. ಮುಂಜಾನಿ ಎದ್ದ ಕೂಡ್ಲೆ ಕಣ್ಣಾಗ ತಪಕೀರ ಉಗ್ಗಿಧಂಗ ಆಗ್ತೈತಿ. ಬ್ಯಾರೆ ಹಾಕಿಸ್ಕೋರಿ."

ತಪಕೀರು ಅಂದರೆ ನಶ್ಯ. ನಾನು ಗಂಟೆಯನ್ನು ನೋಡಿದೆ. ಹೊಸದಾಗಿ ಹಾಕಿಸಿದ್ದು, ಬೆಳ್ಳಿಯಂತೆ ಹೊಳೆಯುತ್ತಿತ್ತು. "ಬೆಳ್ಳಗ ಐತಲ್ರೀ" ಎಂದೆ.

"ಗಂಟಿ ಅಲ್ರೀ, ಗಂಟಿ ಸಪ್ಪಳ" ಎಂದರು, ಮಂದಬುದ್ಧಿಯವನಿಗೆ ತಿಳಿಹೇಳುವ ದನಿಯಲ್ಲಿ. ಕೊಡೆ ಬಿಚ್ಚಿಕೊಂಡು ಶಾಲೆಯ ಕಡೆ ನಡೆದೇಬಿಟ್ಟರು.

ಕಳೆದ ತಿಂಗಳು ಅವರು ಲಕ್ಷ್ಮೇಶ್ವರದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ನಾನೇ ಬರೆದೆ. ನಿವೃತ್ತ ಸಂಗೀತ ಶಿಕ್ಷಕಿ, ಅವಿವಾಹಿತೆ, ಅಪಾರ ಶಿಷ್ಯವರ್ಗ. ನಿಧನದ ಸುದ್ದಿಗೆ ಒಂದು ಅಳತೆ ಇರುತ್ತದೆ. ಆ ಅಳತೆಯಲ್ಲಿ ಸೈಕಲ್ಲಿನ ಗಂಟೆ ಹಿಡಿಸುವುದಿಲ್ಲ. ಹೆಸರು ಆ ಸುದ್ದಿಯಲ್ಲಿದೆ. ಇಲ್ಲಿ ಅವರನ್ನು ಓಣಿಯವರೆಲ್ಲ ಕರೆಯುತ್ತಿದ್ದಂತೆ ಹಾಡಿನ ಅಕ್ಕೋರು ಎಂದೇ ಕರೆಯುತ್ತೇನೆ.

ಅಕ್ಕೋರು ಗದಗಿನ ಹುಡುಗಿಯರ ಹೈಸ್ಕೂಲಿನಲ್ಲಿ ಹಾಡು ಕಲಿಸುತ್ತಿದ್ದರು. ರವಿವಾರ ಬಸ್ಸು ಹಿಡಿದು ಶಿರಹಟ್ಟಿಗೆ ಹೋಗಿ ಮನೆಪಾಠ ಹೇಳುತ್ತಿದ್ದರು. ಅವರ ತಂದೆ ಲಕ್ಷ್ಮೇಶ್ವರದ ಗುಡಿಯೊಂದರಲ್ಲಿ ಸೇವೆಯ ಹಾಡು ಹಾಡುತ್ತಿದ್ದವರು. ಸಣ್ಣವರಿದ್ದಾಗ ಒಂದು ದಿನ ಇವರು, "ಅಪ್ಪಾ, ಇವತ್ತ ಹಸರು ಯಾಕ ಭಾಳ ಹಾಡಿದಿ?" ಎಂದು ಕೇಳಿದರಂತೆ. ತಂದೆ ಗಾಬರಿಯಾಗಿ ದೃಷ್ಟಿ ತೆಗೆಸಿದರು.

"ನಿವಾಳಿಸಿದ ಮೆಣಸಿನಕಾಯಿ ಒಲ್ಯಾಗ ಹಾಕಿದ್ರು, ಚಟಪಟ ಅಂದ್ವು. ಅದಕ್ಕೂ ಬಣ್ಣ ಇತ್ತು. ಹೇಳಾಕ ಹೋಗ್ಲಿಲ್ಲ" ಎಂದು ಅಕ್ಕೋರು ನಗುತ್ತಿದ್ದರು.

ಮೊದಮೊದಲು ನಾನು ನಂಬಲಿಲ್ಲ. ಸುದ್ದಿ ಬರೆಯುವವನಿಗೆ ಒಂದು ಚಟ ಅಂಟಿರುತ್ತದೆ. ಒಮ್ಮೆ ಕೇಳಿದ್ದನ್ನೇ ಕೆಲವು ದಿನ ಬಿಟ್ಟು ಮತ್ತೆ ಕೇಳಿ, ಎರಡೂ ಉತ್ತರ ಹೊಂದುತ್ತವೆಯೇ ಎಂದು ನೋಡುವುದು. ಹಾಲಿನವನ ಕ್ಯಾನಿನ ಸಪ್ಪಳ, ಒಳಕಲ್ಲಿನಲ್ಲಿ ಖಾರ ಕುಟ್ಟುವುದು, ಮುಂಡರಗಿ ಬಸ್ಸಿನ ಹಾರ್ನು, ಎಲ್ಲವನ್ನೂ ಹೀಗೆ ಕೇಳಿದೆ. ಉತ್ತರ ಬದಲಾಗಲಿಲ್ಲ. ಸಿಕ್ಕಿಸಿ ನೋಡೋಣವೆಂದು ಒಮ್ಮೆ, "ಮುಂಡರಗಿ ಬಸ್ಸು ನೀಲಿ ಅಂದಿದ್ರಿ" ಎಂದೆ.

"ನೀಲಿ ಯಾವಾಗ ಅಂದೆ? ಇಂಗಳೀಕದ ಕೆಂಪು ಅಂದೀನಿ. ಪೇಪರಿನ್ಯಾಗೂ ಹಿಂಗ ಬರೀತೀರೇನು?"

ಅಲ್ಲಿಗೆ ಪರೀಕ್ಷೆ ನಿಲ್ಲಿಸಿದೆ.

ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅದರ ಕಪ್ಪು ಪಟ್ಟಿಗಳಲ್ಲಿ ನಾಲ್ಕನೆಯದನ್ನು ಷಡ್ಜ ಮಾಡಿಕೊಂಡು ಅಕ್ಕೋರು ಹಾಡುತ್ತಿದ್ದರು. ಪಟ್ಟಿ ಕಪ್ಪಾದರೂ ಅವರ ಕಣ್ಣಿಗೆ ಆ ಸ್ವರ ಕಾದಾರಿದ ಹಾಲಿನ ಕೆನೆಯ ಬಣ್ಣ. ಅಲ್ಲಿಂದ ಗಾಂಧಾರಕ್ಕೆ ಹೋದರೆ ಸುಲಿದ ಹಸಿ ಕಡಲೆ. ಪಂಚಮ ಕುಸುಬಿ ಹೂವು. ಬಣ್ಣಗಳಿಗೆ ಅವರಲ್ಲಿದ್ದ ಹೆಸರುಗಳೆಲ್ಲ ನಮ್ಮ ಎರೆ ಹೊಲದವು, ಇಲ್ಲವೇ ಅಡಿಗೆಮನೆಯವು. ಬೇರೆ ಯಾರಾದರೂ ಬೇರೆ ಪಟ್ಟಿಯಿಂದ ಅದೇ ರಾಗ ಹಾಡಿದರೆ ಬಣ್ಣಗಳೂ ಬೇರೆ. "ರಾಗ ಅದೇ ಇರ್ತೈತ್ರಿ. ನೇಯ್ಗಿ ಅದೇ, ನೂಲಿನ ಬಣ್ಣ ಬ್ಯಾರೆ" ಎಂದು ವಿವರಿಸುತ್ತಿದ್ದರು.

ಎಲ್ಲಿ ಕಾಣುತ್ತದೆ ಎಂದು ಕೇಳಿದ್ದೆ. ಹಣೆಯ ಮುಂದೆ ಒಂದು ಗೇಣಿನಷ್ಟು ದೂರದಲ್ಲಿ ಕೈ ಹಿಡಿದು ತೋರಿಸಿದರು. "ಇಲ್ಲಿ. ಕಣ್ಣು ಮುಚ್ಚಿದ್ರೂ ಕಾಣ್ತೈತಿ. ನಿಮ್ಮ ಊರಿನ ಮನಿ ನಿಮಗ ಕಣ್ಣು ಮುಚ್ಚಿದ್ರ ಕಾಣಂಗಿಲ್ಲೇನು? ಹಂಗ."

ಗದಗಿಗೆ ಅಂಟಿಕೊಂಡೇ ಇರುವ ನೇಕಾರರ ಬೆಟಗೇರಿಯಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಓಣಿಯಲ್ಲೇ ಗಳಕ್ಕೆ ಹಾಕಿ ಒಣಗಿಸುತ್ತಾರೆ. ಅವುಗಳ ನಡುವೆ ನಡೆದು ಹೋಗುವಾಗ ಒಮ್ಮೆ, ಇಷ್ಟು ಬಣ್ಣ ನೋಡಿದರೆ ನಿಮಗೆ ಹಾಡು ಕೇಳಿಸಬೇಕಲ್ಲ ಎಂದೆ. ಅಕ್ಕೋರು ನಡುದಾರಿಯಲ್ಲಿ ನಿಂತುಬಿಟ್ಟರು.

"ನೂಲು ನೋಡಿದ್ರ ಹಾಡು ಕೇಳ್ತೈತೇನ್ರಿ ಯಾರಿಗಾರ? ನನಗೇನು ಹುಚ್ಚ ಹಿಡದೈತೇನು?"

ಬೆಟಗೇರಿಗೆ ಅವರು ಹೋಗುತ್ತಿದ್ದದ್ದು ಮಾಬುಸಾಬರ ಅಂಗಡಿಗೆ. ಮಾಬುಸಾಬರಿಗೆ ಮಗ್ಗದ ಮನೆಗಳ ನಡುವೆ ಪೇಟಿ ರಿಪೇರಿಯ ಸಣ್ಣ ಅಂಗಡಿ ಇತ್ತು. ಅಕ್ಕೋರ ಹಾಡಿಕೆ ಎಲ್ಲಿದ್ದರೂ ಪೇಟಿಯ ಸಾಥಿ ಅವರದೇ. ಇಬ್ಬರೂ ಕೂಡಿ ಹಾಡಿ ಬಾರಿಸಿ ಬಹಳ ವರ್ಷಗಳಾಗಿದ್ದವು. ಮಾಬುಸಾಬರಿಗೆ ಸ್ವರ ಹೇಗೆ ತೋರುತ್ತದೆಂದು ಕೇಳಿದಾಗ ಅವರು ಬೆರಳು ಚಾಚಿದರು.

"ನನಗ ಬಣ್ಣ-ಗಿಣ್ಣ ಏನಿಲ್ರಿ. ಎರಡು ಸ್ವರ ಕೂಡ್ಲಿಲ್ಲ ಅಂದ್ರ ಬೆರಳಿನ ತುದೀಗೆ ಇರುವಿ ಹರದಂಗ ಆಗ್ತೈತಿ. ಕೂಡಿದ್ವು ಅಂದ್ರ ಇರುವಿ ಹೋದ್ವು."

"ಇರುವಿ ಅಂತ ಇರುವಿ!" ಅಕ್ಕೋರು ಸೆರಗು ಬಾಯಿಗಿಟ್ಟು ನಕ್ಕರು.

"ನೋಡ್ರಿ ಪೇಪರಿನವ್ರ, ಅಕ್ಕೋರಿಗೆ ಕೆನಿ ಕಂಡ್ರ ನಡೀತೈತಿ. ನನಗ ಇರುವಿ ಹರದ್ರ ನಗೂದು."

ನನ್ನ ಪಾಲಿಗೆ ಬಣ್ಣವೂ ಇರಲಿಲ್ಲ, ಇರುವೆಯೂ ಇರಲಿಲ್ಲ. ಹಾಡು ಮುಗಿಯಿತೆಂದು ಗೊತ್ತಾಗುತ್ತಿದ್ದದ್ದು ಜನ ಚಪ್ಪಾಳೆ ತಟ್ಟಿದಾಗ. ಇದನ್ನು ಹೇಳಿದರೆ ಅಕ್ಕೋರು ಒಪ್ಪುತ್ತಿರಲಿಲ್ಲ. ಎಲ್ಲರಿಗೂ ಬಣ್ಣ ಕಾಣುತ್ತದೆ, ಜನ ಲಕ್ಷ್ಯಗೊಟ್ಟು ನೋಡುವುದಿಲ್ಲ, ಅಷ್ಟೇ ಎಂಬುದು ಅವರ ನಂಬಿಕೆ. ಮಾಬುಸಾಬರ ಇರುವೆಯೂ ಅವರ ಲೆಕ್ಕದಲ್ಲಿ ಒಂದು ನೆಪ. ಸರಿಯಾಗಿ ನೋಡಿದ್ದರೆ ಅವರಿಗೂ ಕೆನೆಯೇ ಕಾಣುತ್ತಿತ್ತು.

ಶಾಲೆಯಲ್ಲಿ ಅವರು ಕಲಿಸುತ್ತಿದ್ದದ್ದೂ ಹೀಗೆಯೇ. ಹಾಡಿನ ಕೋಣೆಯಿಂದ ಅವರ ದನಿ ರಸ್ತೆಯವರೆಗೆ ಕೇಳುತ್ತಿತ್ತು. "ಏ ಹುಡುಗಿ, ಕೆನಿ ಬಿಟ್ಟು ಎಲ್ಲಿ ಜಾರಿದಿ? ನೋಡು, ನೋಡು! ಈಗ ಕಂಡ್ತೇನು?" ಹುಡುಗಿಯರು ಒಂದೇ ದನಿಯಲ್ಲಿ "ಕಂಡ್ತರೀ ಅಕ್ಕೋರ" ಎನ್ನುತ್ತಿದ್ದರು. ಏನೂ ಕಾಣದವರು ಕಂಡಿತೆಂದು ಹೇಳುವುದನ್ನು ಎಲ್ಲಕ್ಕಿಂತ ಮೊದಲು ಕಲಿಯುತ್ತಿದ್ದರು. ಒಬ್ಬಳು ಮಾತ್ರ "ನನಗ ಏನೂ ಕಾಣವಲ್ದರೀ" ಎಂದು ಅತ್ತಳಂತೆ. "ಲಕ್ಷ್ಯ ಇಲ್ಲ ನಿನಗ, ಹಿಂದ ಕುಂಡ್ರು" ಎಂದು ಅಕ್ಕೋರು ಅವಳನ್ನು ಹಿಂದಕ್ಕೆ ಕಳಿಸಿದರು. ಇದನ್ನು ಅವರೇ ನನಗೆ ಹೇಳಿದ್ದು, ಅದರಲ್ಲಿ ತಪ್ಪೇನೂ ಕಾಣದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನದಿ ದಂಡೆಯ ಸಿಂಗಟಾಲೂರಿಗೆ ವರದಿಗೆಂದು ಹೋದವನು ವಾಪಸಾಗುವಾಗ ಮುಂಡರಗಿಯಲ್ಲಿ ಇಳಿದೆ. ಹತ್ತಿ ವ್ಯಾಪಾರಿಯೊಬ್ಬರ ಮನೆಯ ಪಡಸಾಲೆಯಲ್ಲಿ ಅಂದು ಸಂಜೆ ಅಕ್ಕೋರ ಹಾಡಿಕೆ ಇತ್ತು. ಊರಿನ ಮಾಸ್ತರರು, ಅಂಗಡಿಕಾರರು, ಹೆಂಗಸರು ತುಂಬಿ ಕುಳಿತಿದ್ದರು. ಮಾಬುಸಾಬರು ಷಡ್ಜ ಹಿಡಿದರು. ಅಕ್ಕೋರು ಬಾಯಿ ತೆರೆದವರು ಮುಚ್ಚಿದರು. ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿದರು:

"ಪೇಟಿ ಸ್ವರ ಏರೇತಿ."

"ಇಲ್ರೀ ಅಕ್ಕೋರ."

"ಏರೇತಿ ಅಂದ್ನೆಲ್ಲ."

ಮಾಬುಸಾಬರು ಮತ್ತೆ ಅದೇ ಪಟ್ಟಿ ಒತ್ತಿದರು. ಅಕ್ಕೋರು ಆಲಾಪ ಶುರು ಮಾಡಿದರು. ಸಂಗೀತ ತಿಳಿಯದ ನನಗೂ ಅದು ಪೇಟಿಗೆ ಕೂಡುತ್ತಿಲ್ಲವೆಂದು ಗೊತ್ತಾಯಿತು. ಅವರ ದನಿ ಪೇಟಿಗಿಂತ ಒಂದು ಎಳೆ ಕೆಳಗೆ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಕ್ಕೋರು ಹಾಡು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇಂಥಾ ಪೇಟಿ ತಂದು ಮಂದ್ಯಾಗ ನನ್ನ ಮರ್ಯಾದಿ ಯಾಕ ತಗೀತೀರಿ, ಮಾಬುಸಾಬ್ರ?"

ಮಾಬುಸಾಬರು ತಲೆ ಎತ್ತಲಿಲ್ಲ. ಅಕ್ಕೋರ ಗಂಟಲು ಸರಿ ಇಲ್ಲವೆಂದು ಮನೆಯ ಯಜಮಾನರು ಎಲ್ಲರಿಗೂ ಸಮಾಧಾನ ಹೇಳಿ ಚಹಾ ತರಿಸಿದರು. ಗದಗಿಗೆ ಬರುವ ಬಸ್ಸಿನಲ್ಲಿ ಅಕ್ಕೋರು ಮುಂದಿನ ಸೀಟಿನಲ್ಲಿ ಕುಳಿತರು. ಮಾಬುಸಾಬರು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತರು.

ಪೇಟಿಯೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳಿರುತ್ತವೆ. ರೀಡಿನ ಬುಡವನ್ನು ತುಸು ಕೆರೆದರೆ ಸ್ವರ ಇಳಿಯುತ್ತದೆ. ತಮ್ಮ ಕಿವಿಗೆ ಪೇಟಿ ಸರಿಯಾಗಿಯೇ ಇದ್ದರೂ ಮಾಬುಸಾಬರು ಆ ವಾರ ಅಕ್ಕೋರ ಮಾತಿಗೆ ಗೌರವ ಕೊಟ್ಟು ಎಲ್ಲ ರೀಡುಗಳನ್ನೂ ಕೆರೆದು ಇಳಿಸಿದರು. ಅಕ್ಕೋರಿಗೆ ಕೆನೆ ಕಂಡಿತು. ಕೆಲವು ತಿಂಗಳು ಕಳೆದ ಮೇಲೆ ಅದೇ ಪೇಟಿ ಮತ್ತೆ ಏರಿದೆ ಎಂದರು. ಶಾಲೆಯ ಪೇಟಿಯೂ ಏರಿದೆ ಎಂದರು. ಮಾಬುಸಾಬರು ಈ ಸಲ ಕೆರೆಯುವ ಅರವನ್ನು ಕೆಳಗಿಟ್ಟರು.

"ಊರಾಗಿನ ಪೇಟಿ ಎಲ್ಲಾ ಒಮ್ಮೆಲೆ ಏರ್ತಾವೇನ್ರೀ ಅಕ್ಕೋರ? ಇನ್ನ ಕೆರದ್ರ ರೀಡು ಮುರೀತಾವು. ನಾ ಒಲ್ಲೆ."

"ಹಂಗಾರ ನನಗ ಕಿವಿ ಇಲ್ಲ ಅಂತೀರಿ?"

ಮಾಬುಸಾಬರು ಪೇಟಿಯ ಮುಚ್ಚಳ ಹಾಕಿದರು. ಅಕ್ಕೋರು ಎದ್ದು ಬಂದರು. ಆಮೇಲೆ ಅವರು ಬೆಟಗೇರಿಯ ಕಡೆ ಹೋಗಲಿಲ್ಲ.

ಎದುರು ಮನೆಯಲ್ಲಿ ಮುಂಜಾನೆಯ ಹಾಡು ನಿಂತಿತು. ತಂಬೂರಿಗೆ ಗವಸು ಹಾಕಿ ಮೂಲೆಗೆ ಸರಿಸಿದ್ದರು. ಶಾಲೆಯಲ್ಲಿ ಹುಡುಗಿಯರಿಗೆ ರಾಗಗಳ ಲಕ್ಷಣ ಹೇಳಿ ಬರೆಸುತ್ತಾರೆ, ಹಾಡಿಸುವುದಿಲ್ಲ ಎಂದು ಸುದ್ದಿಯಾಯಿತು. ಒಂದು ಸಂಜೆ ನಾನು ಹೋಗಿ ಕಟ್ಟೆಯ ಮೇಲೆ ಕುಳಿತಾಗ ತಾವಾಗಿಯೇ ಹೇಳಿದರು.

"ರಾಜೀನಾಮಿ ಕೊಡಬೇಕಂತ ಮಾಡೇನ್ರಿ. ಷಡ್ಜ ಹಿಡದ್ರ ಕೆನಿ ಇರೋ ಜಾಗಾದಾಗ ಹಿತ್ತಾಳಿ ಬರ್ತೈತಿ. ಪೇಟಿ ತಪ್ಪೋ, ನಾ ತಪ್ಪೋ ತಿಳೀವಲ್ದು. ನಾ ತಪ್ಪಿದ್ರ, ಯಾವ ಬಾಯಿಲೆ ಹುಡುಗ್ಯಾರಿಗೆ ತಪ್ಪು ಅನ್ಲಿ?"

ಅವರ ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಊಟ, ಬಾಡಿಗೆ, ಊರಿನಲ್ಲಿದ್ದ ಮಾನ, ಎಲ್ಲವೂ ಆ ಹಾಡಿನ ಕೋಣೆಯಿಂದ ಬಂದದ್ದು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಇಬ್ಬರು ಎರಡು ತರ ಹೇಳಿದಾಗ ಮೂರನೆಯ ಸಾಕ್ಷಿ ಹುಡುಕುವುದು ನನ್ನ ಕಸುಬು. ಅದನ್ನೇ ಕೇಳಿದೆ: ಯಾವತ್ತಿಗೂ ಏರದ, ಇಳಿಯದ ಸಪ್ಪಳ ಯಾವುದಾದರೂ ಇದೆಯೇ?

"ಐತಿ. ವಿಜ್ಞಾನದ ಮಾಸ್ತರ ಕಪಾಟಿನ್ಯಾಗೈತಿ" ಎಂದರು.

ಅದು ಶ್ರುತಿಕವೆ. ರಬ್ಬರಿನ ಮೇಲೆ ತಟ್ಟಿದರೆ ಒಂದೇ ಸ್ವರ ಹೊರಡಿಸುವ ಉಕ್ಕಿನ ಕವಲುಕಡ್ಡಿ. ಹಾಡಿನ ಕೋಣೆಗೆ ಆತುಕೊಂಡೇ ಪ್ರಯೋಗಶಾಲೆ ಇತ್ತು. ಪ್ರತಿ ವರ್ಷ ಶಬ್ದದ ಪಾಠ ಬಂದಾಗ ಗೋಡೆಯ ಆಚೆಯಿಂದ ಆ ಕಡ್ಡಿಯ ದನಿ ಬರುತ್ತಿತ್ತು. ಪ್ರತಿ ವರ್ಷವೂ ಅಕ್ಕೋರಿಗೆ ಅದು ಗುರೆಳ್ಳು ಹೂವಿನ ಅಪ್ಪಟ ಹಳದಿಯಾಗಿ ಕಂಡಿತ್ತು. ಕಡ್ಡಿ ಈಗಲೂ ಹಳದಿಯಾಗಿದ್ದರೆ ಪೇಟಿಗಳದೇ ತಪ್ಪು. ಇಲ್ಲದಿದ್ದರೆ ಅಕ್ಕೋರದು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಹೋದೆವು. ವಿಜ್ಞಾನದ ಮಾಸ್ತರರು ಏನು ಎತ್ತ ಎಂದು ಕೇಳದೆ ಕಡ್ಡಿ ತೆಗೆದು ತಟ್ಟಿದರು. ತೆಳ್ಳನೆಯ ದನಿ ಎದ್ದು ನಿಧಾನವಾಗಿ ಇಂಗಿತು.

"ಇನ್ನೊಮ್ಮೆ ಹೊಡೀರಿ" ಎಂದರು ಅಕ್ಕೋರು.

ಮಾಸ್ತರರು ತಟ್ಟಿದರು.

"ಇದು ಆ ಹಳೇದೇ ಹೌದಲ್ರೀ ಮಾಸ್ತರ?"

"ಹಳೇದೇ ರೀ. ನಮ್ಮ ಶಾಲ್ಯಾಗ ಇರೂದೇ ಇದೊಂದು."

"ತುಕ್ಕು-ಗಿಕ್ಕು ಹಿಡದೈತೇನು?"

"ನೀವೇ ನೋಡ್ರೆಲ. ಕನ್ನಡಿ ಇದ್ದಂಗೈತಿ."

ಅಕ್ಕೋರು ಕಡ್ಡಿಯನ್ನು ಕೈಗೆ ತೆಗೆದುಕೊಂಡು ತಾವೇ ತಟ್ಟಿದರು. ಕಿವಿಯ ಹತ್ತಿರ ಹಿಡಿದರು. ದನಿ ಪೂರ್ತಿ ನಿಂತ ಮೇಲೂ ಹಿಡಿದೇ ಇದ್ದರು. "ಆತ್ರಿ, ಒಳಗಿಡ್ರಿ" ಎಂದು ಮೇಜಿನ ಮೇಲಿಟ್ಟು ಹೊರಗೆ ಬಂದರು. ಗೇಟು ದಾಟಿ ರಸ್ತೆಯಲ್ಲಿ ನಿಂತರು.

"ಗುರೆಳ್ಳ ಹೂವಿಗೆ ಹಸರು ಹತ್ತೈತ್ರಿ" ಎಂದರು. "ಉಕ್ಕು ಏರಂಗಿಲ್ಲ. ನಾನೇ ಏರೇನಿ."

ವಯಸ್ಸಾದಂತೆ ಕೆಲವರ ಕಿವಿಗೆ ಸ್ವರಗಳು ಇದ್ದದ್ದಕ್ಕಿಂತ ತುಸು ಮೇಲೆ ಕೇಳಿಸುವುದುಂಟೆಂದು ಬಹಳ ದಿನಗಳ ನಂತರ ಕಿವಿಯ ವೈದ್ಯರೊಬ್ಬರು ನನಗೆ ಹೇಳಿದರು. ಅಂದು ಆ ರಸ್ತೆಯಲ್ಲಿ ನಿಂತಿದ್ದ ಇಬ್ಬರಿಗೂ ಇದು ಗೊತ್ತಿರಲಿಲ್ಲ. ಅವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಅವರು ಬೆಟಗೇರಿಯ ಕಡೆ ತಿರುಗಿದರು. ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ ನಡೆದೆ.

ಮಾಬುಸಾಬರು ಯಾರದೋ ಪೇಟಿಯನ್ನು ಬಿಚ್ಚಿ ಹರವಿಕೊಂಡು ಕುಳಿತಿದ್ದರು. ನೋಡಿದ ಕೂಡಲೇ ಎದ್ದು ಚಾಪೆ ಝಾಡಿಸಿ ಹಾಸಿದರು.

"ಬರ್ರೀ ಅಕ್ಕೋರ, ಕುಂಡ್ರಿ."

ಅಕ್ಕೋರು ಕೂರಲಿಲ್ಲ. "ನಿಮ್ಮ ಪೇಟಿ ಖರೆ ಇತ್ತು. ಮುಂಡರಗ್ಯಾಗ ನಾ ಅಂದದ್ದು ತಪ್ಪಾತು. ಮಂದಿ ಮುಂದ ಅಂದೀನಿ, ಅಲ್ಲೇ ಹೋಗಿ ಮಂದಿ ಮುಂದನ ಹೇಳ್ತೀನಿ."

"ಮತ್ತ ಆ ಧೂಳಾಗ ಮುಂಡರಗಿ ತನಕ ಯಾಕ್ರಿ? ಮಂದಿ ಅಂದ್ರ ಪೇಪರಿನವ್ರು ಅದಾರಲ್ಲ. ಇಲ್ಲೇ ಮುಗೀತು ಬಿಡ್ರಿ."

ಅಕ್ಕೋರು ಕುಳಿತರು. ಶ್ರುತಿಕವೆಯ ವಿಷಯ ಹೇಳಿದರು. ಮಾಬುಸಾಬರು ಪೂರ್ತಿ ಕೇಳಿ, "ಬಣ್ಣದ ಕಡೆ ನೋಡಬ್ಯಾಡ್ರಿ, ಸುಮ್ನ ಹಾಡ್ರಿ" ಎಂದರು.

"ನೋಡಬ್ಯಾಡ ಅಂದ್ರ ಬಿಡ್ತೈತೇನ್ರೀ ಅದು? ಮೂಗಿನ ಮುಂದ ಬಂದು ನಿಲ್ತೈತಿ."

ಮಾಬುಸಾಬರು ತಮ್ಮ ಪೇಟಿಯನ್ನು ಮುಂದಕ್ಕೆಳೆದು ನಾಲ್ಕನೆಯ ಕಪ್ಪು ಪಟ್ಟಿ ಒತ್ತಿದರು. "ಏನಾರ ಕಾಣ್ಲಿ. ಹಿತ್ತಾಳಿ ಕಾಣ್ಲಿ, ತಾಮ್ರ ಕಾಣ್ಲಿ. ಇದು ಸಾ. ನೀವು ಹಿಡೀರಿ, ಕೂಡೇತೋ ಇಲ್ಲೋ ನನ್ನ ಬೆರಳು ಹೇಳ್ತಾವು."

ಅಕ್ಕೋರು ಷಡ್ಜ ಹಿಡಿದರು. ದನಿ ಸರಿಯಾದ ಜಾಗದಲ್ಲಿ ನಿಂತು, ತನ್ನಷ್ಟಕ್ಕೆ ಕೆಳಗೆ, ಕೆನೆಯ ಕಡೆಗೆ, ಜಾರತೊಡಗಿತು. ಮಾಬುಸಾಬರು ಕಣ್ಣು ಕಿರಿದು ಮಾಡಿದರು. "ಇರುವಿ ಬಂದ್ವು" ಎಂದರು. ಅಕ್ಕೋರು ಏರಿಸಿದರು. "ಹೋದ್ವು." ಮತ್ತೆ ಜಾರಿತು. "ಬಂದ್ವು." ಪಕ್ಕದ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು, ನಿಂತಿತು; ನೇಕಾರ ಬಾಗಿಲಿಗೆ ಬಂದು ಇಣುಕಿದ. ಹಾಡು ಹಾಡಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಮಾಬುಸಾಬರು ಏನೂ ಹೇಳದೆ ಬರೀ ತಲೆಯಾಡಿಸುತ್ತ ಬಾರಿಸಿದರು. ಅಕ್ಕೋರ ಕಣ್ಣು ಮುಚ್ಚಿತ್ತು, ಹಣೆಯ ಮೇಲೆ ಬೆವರಿತ್ತು.

ಮುಗಿದ ಮೇಲೆ ನಾನು, ಹೇಗನಿಸಿತು ಎಂದು ಕೇಳಿದೆ.

"ಮಂದಿ ಮನ್ಯಾಗ ಕತ್ತಲ್ಯಾಗ ಅಡಗಿ ಮಾಡಿಧಂಗಾತ್ರಿ" ಎಂದರು. "ಯಾವ ಡಬ್ಬಿ ತಗದ್ರ ಏನಿರ್ತೈತೋ ಗೊತ್ತಿಲ್ಲ. ಆದ್ರ ಅಡಗಿ ಆತು."

ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ. ಬಣ್ಣಗಳು ಸರಿಯುತ್ತಲೇ ಹೋದವು. ಇನ್ನೆರಡು ವರ್ಷಕ್ಕೆ ಅವರ ಷಡ್ಜ ಪೂರ್ತಿ ಹಿತ್ತಾಳೆಯಾಯಿತು. ಮಾಬುಸಾಬರು ಶನಿವಾರ ಮಧ್ಯಾಹ್ನ ಶಾಲೆಗೇ ಬಂದು ಪೇಟಿ ಹಿಡಿಯತೊಡಗಿದರು. ಅವರು ಸಂಬಳದ ಮಾಸ್ತರರಲ್ಲವೆಂದು ಕಚೇರಿಯವರು ಗೊಣಗಿದರು, ಆಮೇಲೆ ಸುಮ್ಮನಾದರು. ಅಕ್ಕೋರು ವೇಳೆಗೆ ಸರಿಯಾಗಿ ನಿವೃತ್ತರಾಗಿ, ಲಕ್ಷ್ಮೇಶ್ವರಕ್ಕೆ ಹೋದರು.

ಹೋಗುವ ವರ್ಷ ಶಾಲೆಯ ಸಮಾರಂಭದ ಸುದ್ದಿಗೆಂದು ಹೋದವನು ಹಾಡಿನ ಕೋಣೆಯ ಬಾಗಿಲಲ್ಲಿ ನಿಂತೆ. ಒಬ್ಬೊಬ್ಬ ಹುಡುಗಿಯನ್ನೇ ಎಬ್ಬಿಸಿ ಅಕ್ಕೋರು ಕೇಳುತ್ತಿದ್ದರು: "ನಿನಗ ಹೆಂಗ ಅನಸ್ತು? ನೀ ಹೇಳು. ನನ್ನ ಮಾರಿ ನೋಡಬ್ಯಾಡ." ಒಬ್ಬಳು ಏನೂ ಅನಿಸಲಿಲ್ಲ ಎಂದಳು. "ಅಡ್ಡಿಯಿಲ್ಲ, ಕುಂಡ್ರು" ಎಂದರು. ಇನ್ನೊಬ್ಬಳು ಜೋಕಾಲಿ ಮೇಲಿಂದ ಇಳಿದಂತಾಯಿತು ಎಂದಳು. ಕಿಟಕಿಯ ಪಕ್ಕದಲ್ಲಿದ್ದ ಹುಲಕೋಟಿಯ ಹುಡುಗಿ ಏಳಲು ನಾಚಿಕೊಂಡಳು. ಪಕ್ಕದವಳು ತಿವಿದ ಮೇಲೆ ಎದ್ದಳು.

"ಅಕ್ಕೋರ, ನಿಷಾದ ಬಂದಾಗ ನನಗ ಹಲ್ಲು ಚುಳಕ್ ಅಂತೈತ್ರಿ."

ಇಡೀ ಕೋಣೆ ಗೊಳ್ಳೆಂದಿತು. ಅಕ್ಕೋರು ನಗಲಿಲ್ಲ. ಪೇಟಿಯ ಮೇಲಿಂದ ಮುಂದಕ್ಕೆ ಬಾಗಿ ಕೇಳಿದರು:

"ಯಾವ ಹಲ್ಲು?"